ಚರಿತ್ರೆ ತೊಳೆದ ಖಾಸಿಂಸಾಬರು

ಸಿರುಗುಪ್ಪದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಳ್ಳಾರಿಯ ಲಾಡ್ಜಿನ ಕೆಳಗೆ ಖಾಸಿಂಸಾಬರ ಇಸ್ತ್ರಿ ಅಂಗಡಿಯಲ್ಲಿ ನನ್ನ ಅಂಗಿಗಾಗಿ ಕಾಯುತ್ತಿದ್ದೆ. ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗಿ ಹೋಗಿ ಧೂಳಿಗೆ ನನ್ನ ಹುಬ್ಬೂ ಕೆಂಪಾಗಿತ್ತು. ಗಣಿಯ ಯಂತ್ರ ಜೋಡಿಸಲು ಸರ್ಬಿಯಾದಿಂದ ಬಂದಿದ್ದ ಮೆಕ್ಯಾನಿಕ್ ಮೆಟ್ಟಿಲಿಳಿದು ಬಂದವನು, ಅಂಗಡಿಯಲ್ಲಿ ತೂಗುತ್ತಿದ್ದ ತನ್ನ ಬೆಳ್ಳನೆಯ ಅಂಗಿ ಕಂಡು ಹಾಗೇ ನಿಂತುಬಿಟ್ಟ.

ಅದು ಅವನೂರಿನ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಅಂಗಿ. ಬರೀ ಇಸ್ತ್ರಿಗೆ ಕೊಟ್ಟಿದ್ದನಂತೆ. ಅವನ ಇಂಗ್ಲಿಷನ್ನು ನಾನೇ ಕನ್ನಡಕ್ಕೆ ತಂದೆ. ಕ್ಲಬ್ಬು ಯುರೋಪಿನಲ್ಲಿ ಆಡಿದ ಕಡೆಯೆಲ್ಲ ಇದನ್ನೇ ತೊಟ್ಟು ಹೋಗಿದ್ದ. ಎದೆಯ ಮೇಲಿದ್ದ ಕಲೆ ಕಪ್ ಗೆದ್ದಾಗ ಚೆಲ್ಲಿದ ವೈನ್. ತೋಳಿನದು ಒಂದೇ ಅಂಕದಿಂದ ಫೈನಲ್ ಸೋತಾಗ ಕೈತಪ್ಪಿದ ಕಾಫಿ. ಹೆಂಡತಿಗೂ ಅದಕ್ಕೆ ಸೋಪು ಮುಟ್ಟಿಸಲು ಬಿಟ್ಟಿರಲಿಲ್ಲ.

ಖಾಸಿಂಸಾಬರು ತಲೆ ತಗ್ಗಿಸಿದರು. "ಹೊಲಸು ಅಂತ ತಿಳಕೊಂಡು ಎರಡು ಸಲ ಸೋಡಾದಾಗ ಕುದಿಸೀನ್ರಿ. ಎಲ್ಲಾ ಹೋತು. ಕಾಲರಿನ ಕೆಂಪು ಒಂದು ಹೋಗ್ಲಿಲ್ರಿ. ನಮ್ಮೂರ ಧೂಳು ನೋಡ್ರಿ ಅದು."

ಮೆಕ್ಯಾನಿಕ್ ಕಾಲರನ್ನು ಬೆಳಕಿಗೆ ಹಿಡಿದು ನೋಡಿದ. ಈ ವರ್ಷ ಯುರೋಪಿನಲ್ಲಿ ಕ್ಲಬ್ಬಿನ ಮೊದಲ ಪಂದ್ಯ ಇವತ್ತೇ ಎಂದ. ಆಮೇಲೆ ನಗುತ್ತ ಬಿಸಿ ಅಂಗಿಯನ್ನು ಅಲ್ಲೇ ತೊಟ್ಟು, ಹೊಸ ಚರಿತ್ರೆ ಬಳ್ಳಾರಿಯಿಂದ ಶುರುವಾಗಲಿ ಎಂದ.

ನಾನು ಅದನ್ನೂ ಕನ್ನಡದಲ್ಲಿ ಹೇಳಿದೆ. ಖಾಸಿಂಸಾಬರು ಇಸ್ತ್ರಿ ಪೆಟ್ಟಿಗೆಯ ಕೆಂಡ ಊದಿದರು.

"ಗೆದ್ದರ ನಾಳಿ ಮತ್ತ ತರಾಕ ಹೇಳ್ರಿ," ಎಂದರು. "ಈ ಸಲ ನೀರು ತೋರ್ಸಂಗಿಲ್ಲ."