ಕೈಗೆ ಕೊಡಬಾರದ ಬಿಲ್ಲೆ

ಹೋದ ಬೇಸಗೆಯಲ್ಲಿ ಮೂರು ವಾರ ನಮ್ಮ ಊಟದ ಮೇಜಿನ ಮೇಲೆ ಒಂದು ಹಸಿರು ಬೆಡ್‌ಶೀಟು ಹಾಸಿಯೇ ಇತ್ತು. ನಾವು ನೆಲದ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದೆವು. ಬೆಡ್‌ಶೀಟಿನ ಮೇಲೆ ದರ್ಜಿಗಳ ಸೀಮೆಸುಣ್ಣದಲ್ಲಿ ಎಳೆದ ಉದ್ದನೆಯ ಪಟ್ಟೆ, ಅದರ ಮೇಲುಗಡೆ ಆರು ಚೌಕ, ಚೌಕಗಳಲ್ಲಿ ನಾಲ್ಕು, ಐದು, ಆರು, ಎಂಟು, ಒಂಬತ್ತು, ಹತ್ತು ಎಂಬ ಅಂಕಿಗಳು. ಒಂದು ತುದಿಯಲ್ಲಿ ದಾಳ ಬಡಿದು ನಿಲ್ಲುವ ಗೋಡೆಯ ಬದಲಿಗೆ ಸೋಫಾದ ದಿಂಬು, ಇನ್ನೊಂದು ತುದಿಯಲ್ಲಿ ಸ್ಟೀಲಿನ ಡಬ್ಬಿ ತುಂಬ ಕೇರಂ ಬಿಲ್ಲೆ. ದಾಳಗಳೆರಡೂ ಲೂಡೋ ಪೆಟ್ಟಿಗೆಯವು. ಮೂರು ವಾರ ಎಂದೆನಲ್ಲ, ಈಗ ದಿನಚರಿ ತೆಗೆದು ನೋಡಿದರೆ ಹದಿನೇಳು ದಿನ ಎಂದಿದೆ. ನನ್ನ ನೆನಪು ಯಾವುದನ್ನೂ ಇದ್ದಷ್ಟೇ ಇಟ್ಟುಕೊಳ್ಳುವುದಿಲ್ಲ, ಎಲ್ಲವನ್ನೂ ತುಸು ಹಿಗ್ಗಿಸಿ ಮಡಚಿಡುತ್ತದೆ. ಆದ್ದರಿಂದ ಗೆಳೆಯರೇ, ಮುಂದಿನದನ್ನೂ ನೀವು ಕೊಂಚ ಅನುಮಾನ ಇಟ್ಟುಕೊಂಡೇ ಓದಿದರೆ ನನಗೆ ಸಮಾಧಾನ.

ಆ ಬೆಡ್‌ಶೀಟು ನನ್ನ ಮೈದುನ ಮಲ್ಲೇಶಿಯ ಸಲುವಾಗಿ ಹಾಸಿದ್ದು. ನಾನು ಮದುವೆಯಾಗಿ ಗದಗಿನ ಆ ಮನೆಗೆ ಬಂದಾಗ ಅವನು ಏಳನೆಯ ಇಯತ್ತೆಯ ಹುಡುಗ; ಭಿನ್ನರಾಶಿ ಕಂಡರೆ ಅಟ್ಟ ಏರಿ ಕೂರುತ್ತಿದ್ದವನನ್ನು ಕೆಳಗಿಳಿಸಿ ಲೆಕ್ಕ ಕಲಿಸಿದವಳು ಅವನ ವೈನಿಯಾದ, ಅಂದರೆ ಅತ್ತಿಗೆಯಾದ, ನಾನೇ. ಈಗ ಅವನಿಗೆ ಮೂವತ್ತನಾಲ್ಕು. ದೋಹಾದ ಒಂದು ಹೋಟೆಲಿನಲ್ಲಿ ಬೆಳಗಿನ ಉಪಾಹಾರ ಬಡಿಸುವ ಕೆಲಸ, ಐನ್ ಖಾಲಿದ್‌ನ ನಮ್ಮ ಫ್ಲ್ಯಾಟಿನಲ್ಲೇ ವಾಸ. ನನ್ನ ಗಂಡನಿಗೆ ರಾಸ್ ಲಫಾನಿನ ಅನಿಲ ಸ್ಥಾವರದಲ್ಲಿ ಪಾಳಿಯ ಕೆಲಸ. ಹೋಟೆಲಿನ ಕರಾರು ತಿಂಗಳ ಕೊನೆಗೆ ಮುಗಿಯುವುದಿತ್ತು, ಮುಂದುವರಿಸುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಕೈಯಲ್ಲಿದ್ದದ್ದು ಒಂದೇ ದಾರಿ. ಪ್ರವಾಸಿ ಹಡಗುಗಳಲ್ಲಿ ಕ್ಯಾಸಿನೊ ಇರುತ್ತದಂತೆ, ಅಲ್ಲಿ ‘ಕ್ರ್ಯಾಪ್ಸ್’ ಎಂಬ ದಾಳದಾಟದ ಮೇಜು ನಡೆಸಲು ಬಲ್ಲ ಡೀಲರುಗಳು ಸಿಗುವುದು ಕಷ್ಟವಂತೆ. ಗಲ್ಫಿಗೆ ಬರುವ ಮೊದಲು ಗೋವೆಯಲ್ಲಿ ನಾಲ್ಕು ತಿಂಗಳು ಇಸ್ಪೀಟು ಮೇಜಿನ ತರಬೇತಿ ಪಡೆದಿದ್ದ ಮಲ್ಲೇಶಿ ಆ ಕೆಲಸಕ್ಕೆ ಅರ್ಜಿ ಹಾಕಿದ್ದ, ವಿಡಿಯೊ ಕರೆಯಲ್ಲಿ ನಡೆದ ಪರೀಕ್ಷೆಯಲ್ಲಿ ಒಮ್ಮೆ ಬಿದ್ದಿದ್ದ. ಇನ್ನೊಂದೇ ಅವಕಾಶ ಎಂದು ಏಜೆನ್ಸಿಯವರು ಖಡಾಖಂಡಿತವಾಗಿ ತಿಳಿಸಿದ್ದರು.

ಕ್ಯಾಸಿನೊ ಎಂಬುದೇ ಇಲ್ಲದ ದೇಶದಲ್ಲಿ ಕುಳಿತು, ಹೊರಗೆ ಬಿಸಿಲು ಗಾಜಿಗೆ ಹಣೆ ಹಚ್ಚಿಕೊಂಡು ನಿಂತಿರುವ ಮಧ್ಯಾಹ್ನಗಳಲ್ಲಿ, ಕಡಲ ಮೇಲಿನ ಜೂಜೊಂದನ್ನು ಕಲಿಯುವುದು ವಿಚಿತ್ರ ಅನುಭವ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಅದನ್ನೇ ಆರು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವಳು ನಾನು. ‘ಎರಡು ದಾಳಗಳನ್ನು ಎಸೆಯಲಾಗಿದೆ’ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಒಮ್ಮೆಯೂ ಎಸೆದು ನೋಡಿರಲಿಲ್ಲ.

ಆಟ ತೀರ ಸರಳ. ಎಸೆಯುವವರು ಮೊದಲ ಸಲ ಎಸೆದಾಗ ಎರಡು ದಾಳಗಳ ಮೊತ್ತ ಏಳೋ ಹನ್ನೊಂದೋ ಆದರೆ ಪಟ್ಟೆಯ ಮೇಲೆ ಹಣದ ಬದಲು ಬಿಲ್ಲೆ ಇಟ್ಟವರಿಗೆ ಗೆಲುವು; ಎರಡು, ಮೂರು, ಹನ್ನೆರಡು ಬಿದ್ದರೆ ಸೋಲು. ಉಳಿದ ಯಾವ ಸಂಖ್ಯೆ ಬಿದ್ದರೂ ಅದು ಗುರಿಯಾಗಿ ನಿಲ್ಲುತ್ತದೆ. ಆಮೇಲೆ ಅದೇ ಸಂಖ್ಯೆ ಮತ್ತೆ ಬೀಳುವವರೆಗೆ ಎಸೆಯುತ್ತ ಹೋಗಬೇಕು, ಆದರೆ ಅದಕ್ಕಿಂತ ಮೊದಲು ಏಳು ಬೀಳಬಾರದು. ಮೊದಲ ಎಸೆತದಲ್ಲಿ ವರ ಕೊಡುವ ಏಳೇ ಎರಡನೆಯ ಎಸೆತದಿಂದ ಶಾಪ. ಎರಡು ದಾಳ ಬೀಳುವ ಮೂವತ್ತಾರು ಬಗೆಗಳಲ್ಲಿ ಏಳಾಗುವವು ಆರು, ಆರಾಗುವವು ಐದು, ಐದಾಗುವವು ನಾಲ್ಕು, ನಾಲ್ಕಾಗುವವು ಮೂರೇ ಮೂರು. ಇಷ್ಟು ತಿಳಿದರೆ ಆಟದ ಅಸ್ಥಿಪಂಜರವೇ ತಿಳಿದಂತೆ.

ಇದರಲ್ಲಿ ನನ್ನನ್ನು ಬಹಳ ದಿನ ಕಾಡಿದ ಸಂಗತಿಯೊಂದಿದೆ. ಮೇಜಿನ ಮೇಲೆ ಬಗೆಬಗೆಯ ಪಂದ್ಯಗಳಿಗೆ ಬಣ್ಣದ ಚೌಕಗಳಿರುತ್ತವೆ. ಮುಂದಿನ ಎಸೆತಕ್ಕೆ ಏಳು ಬೀಳುತ್ತದೆ ಎಂದು ಪಂದ್ಯ ಕಟ್ಟಬಹುದು. ನ್ಯಾಯವಾಗಿ ಒಂದಕ್ಕೆ ಐದು ಕೊಡಬೇಕಾದಲ್ಲಿ ನಾಲ್ಕೇ ಕೊಡುತ್ತಾರೆ. ಇಂಥವು ಮೇಜಿನ ನಟ್ಟನಡುವೆ ದೊಡ್ಡ ಅಕ್ಷರದಲ್ಲಿ ಕರೆಯುತ್ತಿರುತ್ತವೆ. ಗುರಿ ನಿಂತ ಮೇಲೆ ಮೊದಲಿನ ಬಿಲ್ಲೆಯ ಹಿಂದೆ ಇನ್ನಷ್ಟು ಬಿಲ್ಲೆ ಸೇರಿಸುವ ಪಂದ್ಯ ಮಾತ್ರ ಪೂರ್ತಿ ನ್ಯಾಯದ್ದು. ಗುರಿ ನಾಲ್ಕಾದರೆ ಒಂದಕ್ಕೆ ಎರಡು, ಐದಾದರೆ ಎರಡಕ್ಕೆ ಮೂರು, ಆರಾದರೆ ಐದಕ್ಕೆ ಆರು. ಮೇಜಿನವರಿಗೆ ಅದರಲ್ಲಿ ಕವಡೆಯ ಲಾಭವೂ ಇಲ್ಲ. ಅದೊಂದಕ್ಕೆ ಮಾತ್ರ ಮೇಜಿನ ಮೇಲೆ ಚೌಕವಿಲ್ಲ, ಹೆಸರಿಲ್ಲ. ಗೊತ್ತಿದ್ದವರು ಗೊತ್ತಿದ್ದ ಜಾಗದಲ್ಲಿ ಸುಮ್ಮನೆ ಇಡಬೇಕು. ಬದುಕಿನಲ್ಲಿಯೂ ನ್ಯಾಯದ ವ್ಯವಹಾರಗಳೆಲ್ಲ ಹೀಗೇ ಹೆಸರಿಲ್ಲದ ಜಾಗಗಳಲ್ಲಿ ನಡೆಯುತ್ತವೆಯೇ ಎಂದು ಒಂದು ದಿನ ದಿನಚರಿಯಲ್ಲಿ ಬರೆದು, ಮರುದಿನ ಓದಿ ನಾಚಿ ಹೊಡೆದು ಹಾಕಿದ್ದೇನೆ. ಹೊಡೆದು ಹಾಕಿದ ಸಾಲು ಈಗಲೂ ಓದಲು ಬರುತ್ತದೆ.

ಬಿಲ್ಲೆಗಳ ಸದ್ದು ಕೇಳಿ ಮೊದಲು ಬಂದವರು ಕೆಳಗಿನ ಮನೆಯ ಫೌಜಿಯಾ. ಉಳ್ಳಾಲದ ಕಡೆಯವರು, ಅವರ ಮಾವನ ಕಾಲದಿಂದಲೂ ಈ ಊರಿನಲ್ಲಿ ಬಟ್ಟೆ ವ್ಯಾಪಾರ.

“ಎಂತ ಅಕ್ಕ ಇದು, ಮನೆಯಲ್ಲಿ ಕ್ಲಬ್ ಶುರು ಮಾಡಿದಿರಾ? ಭಾವ ರಾಸ್ ಲಫಾನಿನಿಂದ ಬಂದು ನೋಡಿದರೆ ಖಲಾಸ್!”

“ದುಡ್ಡಿಲ್ಲ, ಬರೀ ಬಿಲ್ಲೆ. ಇವನ ಪರೀಕ್ಷೆಗೆ,” ಎಂದೆ.

“ಬಿಲ್ಲೆಯಾದರೂ ಹರಾಮ್ ಹರಾಮೇ. ನಾನು ಮುಟ್ಟುವುದಿಲ್ಲ ಮಾರಾಯ್ರೆ, ದೂರದಿಂದ ನೋಡುತ್ತೇನೆ,” ಎಂದು ಸೋಫಾದ ತುದಿಯಲ್ಲಿ ಕುಳಿತ ಫೌಜಿಯಾ ಒಂದು ಗಂಟೆ ಕದಲಲಿಲ್ಲ. ಪಟ್ಟೆಯ ಮೇಲೆ ನೂರು ಇಟ್ಟರೆ ದೀರ್ಘಕಾಲದಲ್ಲಿ ಸರಾಸರಿ ಒಂದೂ ಚಿಲ್ಲರೆ ಮೇಜಿನವರ ಪಾಲಾಗುತ್ತದೆ, ಮೇಜಿನ ನಡುವಿನ ಪಂದ್ಯಗಳಲ್ಲಿ ಇನ್ನೂ ಹೆಚ್ಚು, ಎಂದು ನಾನು ವಿವರಿಸಿದಾಗ ಅವರು ಹುಬ್ಬು ಗಂಟಿಕ್ಕಿದರು.

“ಅಲ್ಲಕ್ಕ, ಸೋಲುವುದು ಹೀಗೆ ಲೆಕ್ಕ ಮಾಡಿ ಬರೆದು ಇಟ್ಟಿದ್ದಾರಲ್ಲ. ಮತ್ತೆ ಎಂತಕ್ಕೆ ಆಡುವುದು ಜನ?”

“ಅವ್ರು ಆಡದಿದ್ರ ನಂಗ ಪಗಾರ ಯಾರು ಕೊಡ್ತಾರ್ರಿ ಫೌಜಿಯಾ ಅಕ್ಕಾ?” ಎಂದ ಮಲ್ಲೇಶಿ.

ಅವರು ನಕ್ಕರು. ನನಗೆ ಮಾತ್ರ ಆ ಪ್ರಶ್ನೆ ಉಳಿಯಿತು. ನಾಗರ ಪಂಚಮಿಯಲ್ಲಿ ನಮ್ಮ ಕಡೆ ತೆಂಗಿನಕಾಯಿ ಎಸೆಯುವ ಪಂದ್ಯ ಕಟ್ಟುತ್ತಾರೆ. ಊರಬಾಗಿಲ ಅಗಸಿಯಿಂದ ಹಳ್ಳದವರೆಗೆ ಎಷ್ಟು ಎಸೆತಕ್ಕೆ ಕಾಯಿ ಮುಟ್ಟಿಸುತ್ತೀ ಎಂಬ ಪಂತ. ನನ್ನ ಅಪ್ಪ ಪ್ರತಿ ಪಂಚಮಿ ಗೆದ್ದು, ಧೋತರದ ಸೆರಗಿನಲ್ಲಿ ಕಾಯಿ ಕಟ್ಟಿಕೊಂಡು ಬರುತ್ತಿದ್ದರು ಎಂಬುದು ನಲವತ್ತು ವರ್ಷ ನಾನು ಸಾಕಿಕೊಂಡ ಚಿತ್ರ. ಫೌಜಿಯಾ ಹೋದ ಮೇಲೆ ಅಣ್ಣನಿಗೆ ಫೋನ್ ಮಾಡಿ ಕೇಳಿದೆ. “ಅಪ್ಪ ಗೆದ್ದದ್ದಾ? ಒಂದ ಸಲ. ಉಳದ ವರ್ಷ ಕಾಯಿ ಅಂಗಡ್ಯಾಗ ಕೊಂಡ ತರ್ತಿದ್ರು, ಅವ್ವಗ ಗೊತ್ತಾಗಬಾರದಂತ,” ಎಂದ. ಅಣ್ಣನ ನೆನಪೇ ಸರಿ ಎನ್ನುವುದಕ್ಕೂ ಆಧಾರವಿಲ್ಲ. ಆದರೆ ನೆನಪು ಗೆಲುವುಗಳನ್ನಷ್ಟೇ ಆರಿಸಿ ಎಣಿಸುತ್ತದೆ ಎಂಬುದು ನಿಜವಾದರೆ, ಆಡುವವರೆಲ್ಲ ಯಾಕೆ ಮತ್ತೆ ಮೇಜಿಗೆ ಬರುತ್ತಾರೆ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಾಗಿಲ್ಲ.

ಮಲ್ಲೇಶಿಗೆ ಲೆಕ್ಕ ಬೇಗ ಹತ್ತಿತು. ಅಂಕಿಯ ಚೌಕಗಳ ಮೇಲಿನ ಪಂದ್ಯಕ್ಕೆ ನ್ಯಾಯಕ್ಕಿಂತ ತುಸು ಕಡಿಮೆ ಕೊಡುತ್ತಾರೆ. ಆರರ ಚೌಕದಲ್ಲಿ ಮೂವತ್ತು ಇದ್ದು ಆರು ಬಿದ್ದರೆ ಮೂವತ್ತೈದು, ಒಂಬತ್ತರ ಮೇಲೆ ಇಪ್ಪತ್ತೈದು ಇದ್ದರೆ ಮೂವತ್ತೈದು, ನಾಲ್ಕರ ಮೇಲೆ ಹತ್ತಿದ್ದರೆ ಹದಿನೆಂಟು ಎಂದು ಚಪಾತಿ ಲಟ್ಟಿಸುತ್ತ ಕೇಳಿದರೂ ಥಟ್ಟನೆ ಹೇಳುತ್ತಿದ್ದ. ಅವನು ಬಿದ್ದದ್ದು ಲೆಕ್ಕದಲ್ಲಲ್ಲ, ಕೈಯಲ್ಲಿ. ಕ್ಯಾಸಿನೊ ಮೇಜಿನಲ್ಲಿ ಏನನ್ನೂ ಕೈಯಿಂದ ಕೈಗೆ ಕೊಡುವಂತಿಲ್ಲ. ಆಡುವವರು ಬಿಲ್ಲೆಯನ್ನು ಮೇಜಿನ ಮೇಲಿಡಬೇಕು, ಡೀಲರ್ ಅಲ್ಲಿಂದ ಎತ್ತಿಕೊಳ್ಳಬೇಕು. ಮೇಲಿನ ಕ್ಯಾಮೆರಾಕ್ಕೆ ಎಲ್ಲವೂ ಕಾಣಬೇಕಲ್ಲ, ಅಂಗೈಯಿಂದ ಅಂಗೈಗೆ ಹೋದದ್ದನ್ನು ಯಾರು ಕಂಡಾರು? ಮೊದಲ ಪರೀಕ್ಷೆಯಲ್ಲಿ, ಆಟಗಾರನಂತೆ ಪಕ್ಕದಲ್ಲಿ ನಿಂತ ಹೋಟೆಲಿನ ಹಿರಿಯ ಸಹೋದ್ಯೋಗಿ ಬಿಲ್ಲೆ ಚಾಚಿದಾಗ, ಇವನು ಬಲಗೈ ಒಡ್ಡಿ, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ತುಸು ಬಾಗಿ ತೆಗೆದುಕೊಂಡಿದ್ದ, ಗುಡಿಯಲ್ಲಿ ಪ್ರಸಾದ ತೆಗೆದುಕೊಂಡ ಹಾಗೆ. ಅಲ್ಲಿಗೆ ಪರೀಕ್ಷೆ ಮುಗಿದಿತ್ತು.

ನಮ್ಮ ಮನೆಯಲ್ಲೂ ಅದೇ. ಮಾತನಾಡುತ್ತ ಆಡುತ್ತ ನಾನು ಬೇಕೆಂದೇ ಬಿಲ್ಲೆ ಚಾಚುತ್ತಿದ್ದೆ, ಅವನ ಕೈ ತಾನಾಗಿ ಬರುತ್ತಿತ್ತು.

“ಮತ್ತ ತಗೊಂಡಿ!”

“ವೈನಿ, ನೀವು ಕೊಡಾಕತ್ತೀರಿ, ನಾ ಹೆಂಗ ಕೈ ಹಿಂದ ಇಟ್ಕೊಂಡು ನಿಂದರ್ಲಿ? ಅವ್ವ ನೋಡಿದ್ರ ಕಪಾಳಕ್ಕ ಕೊಡ್ತಾಳ.”

“ಹಡಗಿನ್ಯಾಗ ನಿಮ್ಮವ್ವ ಇರಂಗಿಲ್ಲ.”

“ಅವ್ವ ಎಲ್ಲೂ ಹೋಗಂಗಿಲ್ಲರಿ, ಈ ಕೈಯಾಗ ಕುಂತಾಳ.”

ಹಿರಿಯರು ಕೊಟ್ಟದ್ದನ್ನು ಕೈಚಾಚಿ ತೆಗೆದುಕೊಳ್ಳುವುದು ಅವನಿಗೆ ನಿಯಮವಾಗಿರಲಿಲ್ಲ, ನರವಾಗಿತ್ತು. ಲೆಕ್ಕವನ್ನು ಲೆಕ್ಕದಿಂದ ಕಲಿಸಬಹುದು; ನರಕ್ಕೆ ಏನು ಹೇಳುವುದು? ಎರಡನೆಯ ಪರೀಕ್ಷೆಗೆ ಆರು ದಿನ ಉಳಿದಿರುವಾಗ, ಅಡುಗೆಮನೆಯಲ್ಲಿ ಅವನು ಉಪ್ಪು ಕೇಳಿದ. ನಾನು ಭರಣಿ ತೆಗೆದು ಕಟ್ಟೆಯ ಮೇಲಿಟ್ಟೆ, ಅವನು ಎತ್ತಿಕೊಂಡ. ಇಬ್ಬರೂ ಒಂದು ಕ್ಷಣ ನಿಂತೆವು. ನಮ್ಮಲ್ಲಿ ಉಪ್ಪನ್ನೂ ಮೆಣಸಿನಕಾಯಿಯನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಇಬ್ಬರ ನಡುವೆ ಜಗಳವಾಗುತ್ತದೆಂದು. ಕೆಳಗಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಅದನ್ನೂ ಅವನಿಗೆ ಅವ್ವನೇ ಕಲಿಸಿದ್ದು.

“ಮಲ್ಲೇಶಿ, ಬಿಲ್ಲೆ ಅಂದ್ರ ಉಪ್ಪು ಅಂತ ತಿಳಕೊ.”

ಅಂದಿನಿಂದ ನಾನು ಬಿಲ್ಲೆ ಚಾಚಿ “ಉಪ್ಪು” ಎನ್ನುತ್ತಿದ್ದೆ, ಅವನ ಕೈ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಹೇಳದಿದ್ದರೆ ಹತ್ತಕ್ಕೆ ಮೂರು ಸಲವಾದರೂ ಬಂದೇ ಬಿಡುತ್ತಿತ್ತು. ಆ ಮೂರರ ಮೇಲೆ ಅವನ ನೌಕರಿ ನಿಂತಿತ್ತು.

ಪರೀಕ್ಷೆಯ ಮಧ್ಯಾಹ್ನ ನಮ್ಮ ಮನೆಯವರು ಪಾಳಿಯ ಮೇಲೆ ರಾಸ್ ಲಫಾನಿನಲ್ಲಿದ್ದರು. ಫೋನನ್ನು ಬೀರುವಿನ ಮೇಲಿಂದ ಮೇಜಿಗೆ ಬಾಗಿಸಿ ಕಟ್ಟಿದ್ದೆವು. ಎಲ್ಲಿಯದೋ ಬಂದರಿನ ಕಚೇರಿಯಿಂದ ಪರೀಕ್ಷಕರು ಇಪ್ಪತ್ತು ನಿಮಿಷ ಲೆಕ್ಕ ಕೇಳಿದರು. ಒಂದೂ ತಪ್ಪಲಿಲ್ಲ. ಆಮೇಲೆ ಪಕ್ಕದಲ್ಲಿ ಯಾರಿದ್ದಾರೋ ಅವರು ಆಟಗಾರರಾಗಲಿ ಎಂದರು. ನಾನು ಮೇಜಿನ ಎದುರಿಗೆ ಬಂದೆ. ಬಿಲ್ಲೆಗಳನ್ನು ಪಟ್ಟೆಯ ಮೇಲಿಟ್ಟೆ, ದಾಳ ಎಸೆದೆ, ಎಂಟು ಬಿತ್ತು, ಗುರಿ ನಿಂತಿತು. ಮುಂದಿನ ಬಿಲ್ಲೆಯನ್ನೂ ಮೇಜಿನ ಮೇಲೆಯೇ ಇಡಬೇಕೆಂದು ನಾವು ಮಾತಾಡಿಕೊಂಡಿದ್ದೆವು. ಆದರೂ ನನ್ನ ಬಲಗೈ ಬಿಲ್ಲೆ ಹಿಡಿದು ಮೇಜಿನ ಆಚೆಗೆ, ಅವನ ಎದೆಯ ಮಟ್ಟಕ್ಕೆ ಚಾಚಿಕೊಂಡಿತು.

ಇದು ಯಾಕಾಯಿತು ಎಂದು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಗಾಬರಿಯಿಂದ ಎನ್ನಬಹುದು. ಅವನನ್ನು ಕೊನೆಯ ಸಲ ಪರೀಕ್ಷಿಸಲು ಎಂದರೆ ನನಗೇ ಹಿತ. ಆದರೆ ಇನ್ನೊಂದು ಸಾಧ್ಯತೆಯನ್ನು ಲೆಕ್ಕದಿಂದ ಬಿಟ್ಟರೆ ಮೊತ್ತ ತಪ್ಪಾಗುತ್ತದೆ. ಮನೆಯವರು ವಾರಗಟ್ಟಲೆ ಪಾಳಿಯಲ್ಲಿರುವ ಆ ಫ್ಲ್ಯಾಟಿನಲ್ಲಿ ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆದು “ವೈನಿ, ಚಹಾ ಇಡ್ರಿ” ಎನ್ನುವ ದನಿ ಇನ್ನು ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವನು ಈ ಸಲವೂ ತೆಗೆದುಕೊಳ್ಳಲಿ ಎಂದು ನನ್ನೊಳಗಿನ ಯಾವಳೋ ಬಯಸಿದ್ದರೆ?

ಮಲ್ಲೇಶಿಯ ಬಲಗೈ ಮೊದಲು ಅಲುಗಿತು. ನಾನು ನೋಡಿದೆ. ಅವನ ಎಡಗೈ ಮೊಣಕೈಯ ಕಡೆಗೆ ಹೊರಟಿತ್ತು. ಅಲ್ಲಿಂದ ಎರಡೂ ಕೈ ನಿಧಾನವಾಗಿ ಬೇರೆಯಾದವು, ಅಂಗೈಗಳು ಕ್ಯಾಮೆರಾದತ್ತ ತೆರೆದುಕೊಂಡವು, ಖಾಲಿ. “ಮೇಜಿನ ಮೇಲಿಡಿ, ಪ್ಲೀಸ್, ಮ್ಯಾಡಮ್,” ಎಂದ ಇಂಗ್ಲಿಷಿನಲ್ಲಿ, ನಾನು ಎಂದೂ ಕೇಳಿರದ, ಹಸನಾದ, ಯಾರದೋ ದನಿಯಲ್ಲಿ. ತಾಲೀಮಿನ ಆಟ ಬಿಟ್ಟರೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಕೊಟ್ಟದ್ದು ನನ್ನ ಕೈಯಲ್ಲೇ ಉಳಿಯಿತು. ಕೆಳಗಿಟ್ಟೆ. ಅವನು ಎತ್ತಿಕೊಂಡ. ಪರದೆಯ ಆಚೆಯವರು “ಗುಡ್” ಎಂದರು, ಹಡಗಿನ ಹೆಸರನ್ನೂ ಹತ್ತುವ ಬಂದರನ್ನೂ ಹೇಳತೊಡಗಿದರು.

ಕರೆ ಮುಗಿದ ಮೇಲೆ ಅವನು ಕುರ್ಚಿಯಲ್ಲಿ ಕುಸಿದು ನಕ್ಕ, ಕಣ್ಣೊರೆಸಿಕೊಂಡ.

“ವೈನಿ, ನೀವು ಭಾರಿ ಶ್ಯಾಣ್ಯಾರು. ಬೇಕಂತನ ಕೈಯಾಗ ಕೊಟ್ರಿ, ಹೌದಲ್ಲ? ಆ ಮನುಷ್ಯಾಗ ತೋರಸಾಕ? ಅದರಿಂದನ ನಾ ಪಾಸಾದೆ ನೋಡ್ರಿ.”

ನಾನು “ಹೂಂ” ಎಂದೆ.

ಈಗ ಅವನು ಯಾವುದೋ ಕಡಲಿನಲ್ಲಿದ್ದಾನೆ. ಹಡಗಿನ ಗೆಳೆಯರಿಗೆಲ್ಲ ಈ ಕಥೆ ಹೇಳಿದ್ದಾನಂತೆ, ವೈನಿ ಹೇಗೆ ಬುದ್ಧಿವಂತಿಕೆಯಿಂದ ಕೈ ಚಾಚಿದರು ಎಂದು. ಫೌಜಿಯಾ ಕೂಡ ಅದನ್ನೇ ನಂಬಿದ್ದಾರೆ, ಮೆಚ್ಚಿ ಒಂದು ಡಬ್ಬಿ ಖರ್ಜೂರ ಕಳಿಸಿದ್ದರು. ಹೇಳಿ ಹೇಳಿ ಅದು ಗಟ್ಟಿಯಾಗುತ್ತಿದೆ; ಇನ್ನು ಹತ್ತು ವರ್ಷಕ್ಕೆ ನಾನೂ ಅದನ್ನೇ ನೆನಪಿಟ್ಟುಕೊಂಡಿರುತ್ತೇನೆ. ಅದಕ್ಕೆ ಮೊದಲು, ಅಂದು ಕೈ ಚಾಚಿದಾಗ ನನಗೆ ಏನು ಬೇಕಿತ್ತೆಂದು ನನಗೆ ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.