ಖಾಲಿ ಗಾಡಿಯಲ್ಲಿ ಸುಡದ ಫ್ಯೂಸ್

ಖಾನಾಪುರದ ಶವವಾಹನ ಬೆಳಗಾವಿಯ ನನ್ನ ಕಾರ್ ಆಡಿಯೋ ಅಂಗಡಿಗೆ ಮತ್ತೆ ಬಂತು. ಭಜನೆ ಹಾಕುವ ಆಂಪ್ಲಿಫೈಯರಿನ ಫ್ಯೂಸ್ ಮತ್ತೆ ಸುಟ್ಟಿತ್ತು. ಹೊಸದು ಹಾಕಿದೆ. ಭಜನೆ ಸ್ಪಷ್ಟವಾಗಿ ಕೇಳಿತು.

“ಖಾಲಿ ಇದ್ದಾಗ ಹಾಡತೈತ್ರಿ,” ಎಂದ ಡ್ರೈವರ್ ಬಸಪ್ಪ. “ಹೆಣ ಏರಿಸಿದ ಕೂಡಲೇ ಬಂದ್. ನಿನ್ನಿ ಮನಿ ಮಂದಿ ಅಳೂದು ಬಿಟ್ಟು ನನ್ನ ಮಾರಿ ನೋಡಿದ್ರು. ಫ್ಯೂಸ್ ತಗದು ದಪ್ಪ ತಂತಿ ಸುತ್ತಿಬಿಡ್ರಿ. ಸಂಜಿಕ ಇನ್ನೊಂದು ಹೆಣ ಐತಿ.”

“ತಂತಿ ಸುತ್ತಿದ್ರ ಗಾಡಿಗೇ ಬೆಂಕಿ ಹತ್ತತೈತಿ. ಭಾರ ಬಿದ್ದಾಗ ಎಲ್ಲೋ ವೈರ್ ಒತ್ತಾಕತ್ತೈತಿ. ಸ್ಟ್ರೆಚರ್ ಮ್ಯಾಲ ಒಂದೀಟು ಮಲಗ್ರಿ, ನೋಡೂಣು.”

ಬಸಪ್ಪ ಹಿಂದೆ ಸರಿದ. “ಮಕ್ಕಳೊಂದಿಗ ಅದೀನ್ರಿ. ನಾ ಒಲ್ಲೆ.”

ನಾನೇ ಅಂಗಾತ ಮಲಗಿದೆ. ಭಜನೆ ಅರ್ಧಕ್ಕೆ ನಿಂತಿತು.

ಸ್ಟ್ರೆಚರಿನ ಕೆಳಗೆ ಪವರ್ ವೈರ್ ಸುಲಿದಿತ್ತು. ಹೆಚ್ಚು ಭಾರ ಬಿದ್ದಾಗೆಲ್ಲ ಗಾಡಿಯ ಕಬ್ಬಿಣಕ್ಕೆ ತಾಗುತ್ತಿತ್ತು. ಹೊಸ ವೈರನ್ನು ಬಾಜುವಿನಿಂದ ಎಳೆದು, ಇನ್ನೊಂದು ಫ್ಯೂಸ್ ಹಾಕಿ, ಮತ್ತೆ ಮಲಗಿ, ಭಜನೆ ಪೂರ್ತಿ ಕೇಳಿದೆ.

“ಏಳ್ರಿ ಸಾಕು,” ಎಂದ ಬಸಪ್ಪ. “ಇದರಾಗ ಮಲಗಿ ಭಜನಿ ಕೇಳಿದವ್ರು ನೀವೊಬ್ರ.”

“ನನ್ನ ಭಾರ ತಡೀತು. ಸಂಜಿನ ಮನಶ್ಯಾ ನನಗಿಂತ ದಪ್ಪ ಅದಾನೇನು?”

“ಇಲ್ರಿ. ಸಾಲಿಗಿ ಹೋಗೂ ಹುಡುಗಿ.”

ಆ ಭಾರವನ್ನು ಹಳೇ ವೈರೂ ತಡೆಯುತ್ತಿತ್ತು.