ಅಚ್ಚು ಬದಲಿಸುವ ಹೊತ್ತು

ಕೆಳಗೆ ಕಮ್ಮಾರನ ಅಂಗಡಿ, ಮೇಲೆ ಮನೆ. ಪವರ್ ಹ್ಯಾಮರ್ ಕಾದ ಕಬ್ಬಿಣವನ್ನು ಬಡಿಯತೊಡಗಿದರೆ ಮೇಲಿನ ಅಡುಗೆಮನೆಯ ಲೋಟಗಳು ಹಲಗೆಯ ಮೇಲೆ ತಾವಾಗಿಯೇ ನಡೆದಾಡುತ್ತಿದ್ದವು. ಆದರೆ ಆ ಹ್ಯಾಮರ್ ಬಡಿದದ್ದಕ್ಕಿಂತ ಸುಮ್ಮನೆ ನಿಂತದ್ದೇ ಹೆಚ್ಚು. ಕಬ್ಬಿಣ ಚಪ್ಪಟೆ ಮಾಡಲು ಹ್ಯಾಮರಿಗೆ ಒಂದು ಅಚ್ಚು, ದುಂಡಗೆ ಮಾಡಲು ಇನ್ನೊಂದು, ಕತ್ತರಿಸಲು ಮತ್ತೊಂದು. ಪ್ರತಿ ಸಲವೂ ಅಚ್ಚನ್ನು ಬಿಗಿಹಿಡಿದ ಬೆಣೆಗಳನ್ನು ಹೊಡೆದು ಹೊಡೆದು ಕೀಳಬೇಕು. ಅವೋ, ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಅಷ್ಟರಲ್ಲಿ ಕಬ್ಬಿಣ ತಣ್ಣಗಾಗಿ ಕಮ್ಮಾರ ಬಿಸಿಯಾಗಿರುತ್ತಿದ್ದ.

ಒಂದು ದಿನ ಬೆಣೆಗೆ ಹಾಕಿದ ಏಟು ಹೆಬ್ಬೆರಳಿಗೆ ಬಿತ್ತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಲ್ಲೇ ಇನ್ನು ಬೆಣೆಯ ಸಹವಾಸ ಸಾಕೆಂದು ನಿರ್ಧರಿಸಿದ. ಹ್ಯಾಮರಿನ ಮೇಲೊಂದು ಕೆಳಗೊಂದು ಅಚ್ಚು ಹಿಡಿಯುವ ಹೋಲ್ಡರ್ ಕೂರಿಸಿದರೆ ಅವು ಅಲ್ಲೇ ಇರುತ್ತವೆ. ಎಲ್ಲ ಅಚ್ಚುಗಳಿಗೂ ಒಂದೇ ಅಳತೆಯ ಬಾಲ ಮಾಡಿ, ಅದನ್ನು ಹೋಲ್ಡರಿನೊಳಗೆ ಜಾರಿಸಿ ಒಂದು ಪಿನ್ನು ತೂರಿಸಿದರೆ ಆಯಿತು.

ಅದನ್ನು ಮಾಡಿ ಮುಗಿಸಿದವನೇ ಹೆಂಡತಿಯನ್ನೂ ಅತ್ತೆಯನ್ನೂ ಕರೆದು ನಿಲ್ಲಿಸಿಕೊಂಡು ಹ್ಯಾಮರ್ ಹಾಕಿದ. ಪಿನ್ನು ಚಿಮ್ಮಿತು. ಮೇಲಿನ ಅಚ್ಚು ಪಕ್ಕದ ನೀರಿನ ತೊಟ್ಟಿಗೆ ಬಿದ್ದು, ಮಸಿನೀರೆಲ್ಲ ಅತ್ತೆಯ ಮೇಲೆ ಹಾರಿತು.

"ಅಚ್ಚು ಬದಲಾಗುತ್ತೋ ಇಲ್ವೋ, ನಾನಂತೂ ಬಟ್ಟೆ ಬದಲಾಯಿಸ್ಬೇಕು," ಎಂದು ಅತ್ತೆ ಮೆಟ್ಟಿಲು ಹತ್ತಿದರು.

ಆಮೇಲೆ ಅವನು ಪಿನ್ನಿಗೆ ಸ್ಪ್ರಿಂಗಿನ ಬೀಗ ಹಾಕಿದ. ಈಗ ಹೊಡೆತ ಎಷ್ಟೇ ಬೀಳಲಿ, ಅದು ಕಮಕ್ ಕಿಮಕ್ ಎನ್ನಲಿಲ್ಲ. ಕಬ್ಬಿಣದ ಕೆಂಪು ಆರುವುದರೊಳಗೆ ಅಚ್ಚು ಬದಲಾಗುತ್ತಿತ್ತು. ಹ್ಯಾಮರ್ ದಿನವಿಡೀ ಬಡಿಯಿತು. ಕಮ್ಮಾರ ಸೀಟಿ ಹೊಡೆದುಕೊಂಡು ಓಡಾಡಿದ. ಅತ್ತೆಯ ಮುಖ ಮಾತ್ರ ದಿನದಿಂದ ದಿನಕ್ಕೆ ಊದಿಕೊಳ್ಳುತ್ತಾ ಬಂತು.

"ಆ ನೀರಿನ ಕೋಪ ಇನ್ನೂ ಆರಿಲ್ವಾ?" ಎಂದು ಹೆಂಡತಿಯನ್ನು ಕೇಳಿದ.

"ನೀರಿನದ್ದಲ್ಲ ರೀ. ಚಿಕ್ಕಮ್ಮನ ಫೋನಿಂದು."

ಹಿಂದೆಲ್ಲ ಹ್ಯಾಮರ್ ನಿಂತಾಗ ಅತ್ತೆ ತಮ್ಮ ತಂಗಿಗೆ ಫೋನ್ ಮಾಡುತ್ತಿದ್ದರು. ತಂಗಿ ಬಾಯಿ ತೆರೆದರೆ ಮುಚ್ಚುವವರಲ್ಲ. ಆದರೆ ಅಚ್ಚು ಬದಲಾದ ಕೂಡಲೇ ಹ್ಯಾಮರ್ ಶುರುವಾಗಿ, "ಏನೂ ಕೇಳಿಸ್ತಿಲ್ಲ ಕಣೇ, ಇಡ್ತೀನಿ" ಎಂದು ಅತ್ತೆ ಪಾರಾಗುತ್ತಿದ್ದರು. ಈಗ ಹಗಲೆಲ್ಲ ಗದ್ದಲವೆಂದು ತಂಗಿಯೇ ಅಂಗಡಿ ಮುಚ್ಚಿದ ಮೇಲೆ ಫೋನ್ ಮಾಡುತ್ತಾರೆ. ಆ ಮಾತಿಗೆ ಕೊನೆಮೊದಲಿಲ್ಲ.

ಅಂದು ಸಂಜೆ ಅತ್ತೆಯೇ ಕೆಳಗಿಳಿದು ಬಂದರು. "ಅಳಿಯಂದ್ರೇ, ನಾನು ಮೇಲಿಂದ ಕಾಲು ಕುಟ್ಟಿದಾಗ ಒಂಚೂರು ಹ್ಯಾಮರ್ ಹಾಕ್ತೀರಾ? ಕಿವಿ ಬೆಂದುಹೋಗಿದೆ."

ಖಾಲಿ ಬಡಿದರೆ ಅಚ್ಚು ಹಾಳು. ಹಾಗಾಗಿ ಅವರು ಕಾಲು ಕುಟ್ಟಿದಾಗಲೆಲ್ಲ ಕಮ್ಮಾರ ಒಂದು ತುಂಡು ಕಬ್ಬಿಣ ಕಾಯಿಸಿ ಗೋಡೆಗೆ ಬಡಿಯುವ ಕೊಕ್ಕೆ ಮಾಡಿದ. ಅಚ್ಚು ಬದಲಿಸುವುದು ಸಲೀಸಾಗಿದ್ದರಿಂದ ಒಂದರಂತೆ ಇನ್ನೊಂದಿರಲಿಲ್ಲ. ಬೀದಿಯ ಮನೆಮನೆಗೂ ಕೊಕ್ಕೆ ಹಂಚಿದ್ದಾಯಿತು. ಸುದ್ದಿ ಅತ್ತೆಯ ತಂಗಿಗೂ ಮುಟ್ಟಿತು. ಅವರು, "ನನಗೂ ನಾಲ್ಕು ಬೇಕು, ಬಂದೇ ತಗೊಂಡು ಹೋಗ್ತೀನಿ," ಎಂದರು. ಕೈಯಲ್ಲಿ ದೊಡ್ಡ ಪೆಟ್ಟಿಗೆ ಹಿಡಿದೇ ಬಂದಿಳಿದರು.

ಎದುರಿಗೇ ಕೂತವರಿಗೆ ಹ್ಯಾಮರಿನಿಂದ ಏನಾದೀತು? ಅತ್ತೆ ಉಪಾಯ ಮಾಡಿ ತಂಗಿಯನ್ನು ಅಂಗಡಿ ನೋಡಲು ಕಳಿಸಿದರು. ಆಕೆಗೆ ಪಿನ್ನು ಎಳೆದು ಅಚ್ಚು ಜಾರಿಸುವ ಆಟ ಬಹಳ ಹಿಡಿಸಿತು. ಮರುದಿನದಿಂದ ಹ್ಯಾಮರಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಮೇಲೆ ಅತ್ತೆ ಮಧ್ಯಾಹ್ನವೆಲ್ಲ ಹಾಯಾಗಿ ಗೊರಕೆ ಹೊಡೆದರು.

"ಚಿಕ್ಕಮ್ಮ ಹೇಗೆ ಕೆಲಸ ಮಾಡ್ತಾರೆ?" ಎಂದು ಹೆಂಡತಿ ಊಟಕ್ಕೆ ಬಡಿಸುತ್ತ ಕೇಳಿದಳು.

"ಅಚ್ಚುಕಟ್ಟಾಗಿ ಮಾಡ್ತಾರೆ," ಎಂದ ಕಮ್ಮಾರ, ಕಿವಿ ಉಜ್ಜಿಕೊಳ್ಳುತ್ತ. "ಹ್ಯಾಮರ್ ಸದ್ದೇ ಯಾಕೋ ಸಾಲ್ತಿಲ್ಲ."